ಬೆಟ್ಟದ ಗುಮ್ಮ

ಬೆಳಿಗ್ಗೆ ತೋಟದ ಸಂಕದ ಹತ್ರ ಒಂದು ಗರಿ ಸಿಕ್ತು. ಗೇಣಿಗಿಂತ ಉದ್ದ. ಕಂದು ಪಟ್ಟೆ.

"ಮನೆ ಒಳಗೆ ತರಡ ತಮಾ" ಅಂದ್ಲು ಆಯಿ.

ಅಂಚಿಗೆ ಬೆರಳಾಡಿಸಿದೆ. ಬಾಚಣಿಗೆ ಹಲ್ಲಿನ ಹಾಗೆ ಸಣ್ಣ ಸಣ್ಣ ಎಳೆ, ಮೇಲೆಲ್ಲ ಮಖಮಲ್ಲು. ಗಾಳಿ ಸೀಳೋ ಸದ್ದು ಇದರಲ್ಲೇ ಅಡಗೋದು. ಎರಡಡಿ ಎತ್ತರದ ಗೂಬೆ, ಕಾಡುಕೋಳಿಯನ್ನೂ ಹೊತ್ತೊಯ್ಯುವಂಥದ್ದು, ನಮ್ಮ ಮಾಡಿನ ಮೇಲೆ ಹಾರಿಹೋದ್ರೂ ಗೊತ್ತಾಗಲ್ಲ.

ಕೂಗಿದ್ರೆ ಮಾತ್ರ ಗೊತ್ತಾಗ್ತದೆ. ಹೆಂಗಸು ಅತ್ತ ಹಾಗೆ. ಸಣ್ಣವರಿದ್ದಾಗ ಕಂಬಳಿ ಎಳ್ಕೊಂಡು ಮಲಗ್ತಿದ್ವಿ.

ದೊಡ್ಡ ಮರದ ಪೊಟರೆ ಬೇಕು ಅದಕ್ಕೆ, ಒಂದೇ ಒಂದು ಮೊಟ್ಟೆ ಇಡೋಕೆ. ತೋಟಕ್ಕೆ ಸೊಪ್ಪು ತರೋ ಕಾಡು, ನಮ್ಮ ಸೊಪ್ಪಿನಬೆಟ್ಟದಲ್ಲಿ ಅಂಥ ಮರ ಎಷ್ಟು ಉಳಿದಿದೆ ಅಂತ ಬೆರಳು ಮಡಚಿ ಎಣಿಸ್ದೆ. ಒಂದು ಕೈ ಸಾಕಾಯ್ತು.

ಗರಿ ಅಲ್ಲೇ ಇಟ್ಟು ಬಂದೆ. ರಾತ್ರಿ ಕಿಟಕಿ ತೆಗೆದಿಟ್ಟು ಮಲಗ್ತೇನೆ.