ಪ್ರಾವಿಡೆನ್ಸ್‌ನ ಬಿಳಿ ಚರ್ಚು

ಅಮೆರಿಕದ ಬಾಸ್ಟನ್ನಿನಿಂದ ರೋಡ್ ಐಲೆಂಡ್ ರಾಜ್ಯದ ಪ್ರಾವಿಡೆನ್ಸ್‌ಗೆ ರೈಲಿನಲ್ಲಿ ಒಂದು ಗಂಟೆ ಚಿಲ್ಲರೆ ದಾರಿ. 1636ರ ಚಳಿಗಾಲದಲ್ಲಿ ರೋಜರ್ ವಿಲಿಯಮ್ಸ್ ಸೇಲಂ ಊರಿನಿಂದ ಈ ಕಡೆಗೆ ಹಿಮ ತುಳಿದುಕೊಂಡೇ ಬಂದರು. ಮ್ಯಾಸಚೂಸೆಟ್ಸ್ ಸರ್ಕಾರ ಅವರನ್ನು ಗಡೀಪಾರು ಮಾಡಿತ್ತು. ದೇವರ ವಿಷಯದಲ್ಲಿ ಜನರನ್ನು ಶಿಕ್ಷಿಸುವ ಹಕ್ಕು ಅಧಿಕಾರಿಗಳಿಗಿಲ್ಲ, ಅಲ್ಲಿನ ಮೂಲನಿವಾಸಿಗಳ ನೆಲವನ್ನು ದಾನ ಕೊಡುವ ಹಕ್ಕು ಇಂಗ್ಲೆಂಡಿನ ರಾಜನಿಗಿಲ್ಲ ಎಂದು ಆ ಪಾದ್ರಿ ಸಾರಿದ್ದರು. ಕೊನೆಗೆ ಊರು ಕಟ್ಟಲು ಜಾಗ ಕೊಟ್ಟವರು ನ್ಯಾರಗ್ಯಾನ್ಸೆಟ್ ಎಂಬ ಮೂಲನಿವಾಸಿ ಬುಡಕಟ್ಟಿನ ಮುಖಂಡರು.

ನಾರ್ತ್ ಮೇನ್ ಸ್ಟ್ರೀಟ್‌ಗೆ ಬಂದರೆ 185 ಅಡಿಯ ಬಿಳಿ ಗೋಪುರ. 1638ರಲ್ಲಿ ವಿಲಿಯಮ್ಸ್ ಮುಂದಾಗಿ ಶುರುಮಾಡಿದ, ಬ್ಯಾಪ್ಟಿಸ್ಟ್ ಎಂಬ ಕ್ರೈಸ್ತ ಪಂಗಡದ ಅಮೆರಿಕದ ಮೊದಲ ಸಭೆಯ ಚರ್ಚು ಇದು. ಈಗಿನ ಕಟ್ಟಡ 1775ರದು. ಬ್ರಿಟಿಷರು ಬಾಸ್ಟನ್ ಬಂದರು ಮುಚ್ಚಿದ್ದರಿಂದ ಕೆಲಸವಿಲ್ಲದೆ ಕೂತಿದ್ದ ಹಡಗಿನ ಬಡಗಿಗಳು ಬಂದು ಇಲ್ಲಿ ದುಡಿದಿದ್ದಾರೆ. ಒಳಗೆ ಬೆಂಚಿನ ಮೇಲೆ ಸುಮ್ನೆ ಕೂತೆವು. ವಿಗ್ರಹವಿಲ್ಲ. ಎತ್ತರದ ಕಿಟಕಿಗಳಿಗೆ ಬಣ್ಣದ ಚಿತ್ರಗಳಿಲ್ಲ, ಬರೀ ತಿಳಿ ಗಾಜು. ಬಿಸಿಲು ನೇರವಾಗಿ ಬೆಂಚುಗಳ ಮೇಲೆ ಬೀಳುತ್ತದೆ. ನಡುವೆ 1792ರ ದೊಡ್ಡ ಗಾಜಿನ ತೂಗುದೀಪ.

ಬ್ಯಾಪ್ಟಿಸ್ಟರು ಹಸುಗೂಸಿಗೆ ದೀಕ್ಷಾಸ್ನಾನ ಕೊಡುವುದಿಲ್ಲ. ಬುದ್ಧಿ ಬಂದ ಮೇಲೆ, ತಾನಾಗಿ ನಂಬಿದವರನ್ನು ಮಾತ್ರ ನೀರಲ್ಲಿ ಮುಳುಗಿಸುತ್ತಾರೆ. ತಂದೆ ತಾಯಿಯೇ ಮಗುವಿನ ಪರವಾಗಿ ನಂಬಲಾಗದು ಎಂದ ಮೇಲೆ ಸರ್ಕಾರ ನಂಬಿಸುವುದು ಹೇಗೆ? ಚರ್ಚನ್ನೂ ಸರ್ಕಾರವನ್ನೂ ಬೇರೆ ಇಡಿ ಎಂಬ ಅವರ ಹಟದ ಬೇರು ಇಲ್ಲಿದೆ. ಧರ್ಮ ಬೇಡವಾದವರ ವಾದ ಇದು ಅಂತ ಜಾಸ್ತಿ ಜನ ತಿಳಿದಿದ್ದಾರೆ ಅಲ್ವಾ? ಆದರೆ ಹಾಗೆ ಬೇರೆ ಇಡಿ ಎಂದು ಕೇಳಿದವರು ಭಕ್ತರೇ. 1651ರಲ್ಲಿ ಬಾಸ್ಟನ್ನಿನಲ್ಲಿ ಒಬಡಾಯ ಹೋಮ್ಸ್ ಎಂಬ ಬ್ಯಾಪ್ಟಿಸ್ಟರು ತಮ್ಮ ನಂಬಿಕೆಗಾಗಿ 30 ಚಾಟಿಯೇಟು ತಿಂದರು. 1801ರಲ್ಲಿ ಅಧ್ಯಕ್ಷ ಜೆಫರ್ಸನ್‌ಗೆ ಪತ್ರ ಬರೆದ ಕನೆಕ್ಟಿಕಟ್ ರಾಜ್ಯದ ಡ್ಯಾನ್‌ಬರಿಯ ಬ್ಯಾಪ್ಟಿಸ್ಟರ ಅಳಲೂ ಇದೇ: ನಮ್ಮ ಧರ್ಮ ನಮ್ಮ ಹಕ್ಕು, ಸರ್ಕಾರದ ದಯೆ ಅಲ್ಲ.

ವಿಲಿಯಮ್ಸ್ ಕೆಲವೇ ತಿಂಗಳಲ್ಲಿ ಈ ಸಭೆಯನ್ನೂ ಬಿಟ್ಟರು. ಆದರೆ ಅದೇ ಊರಲ್ಲಿ ಬಾಳಿದರು, ಯಾರೂ ಓಡಿಸಲಿಲ್ಲ. ಕ್ವೇಕರರು ಎಂಬ ಇನ್ನೊಂದು ಕ್ರೈಸ್ತ ಪಂಗಡದವರ ನಂಬಿಕೆ ಅವರಿಗೆ ಒಂಚೂರೂ ಒಪ್ಪಿಗೆಯಿರಲಿಲ್ಲ. 1672ರಲ್ಲಿ, 70ರ ಆಸುಪಾಸಿನಲ್ಲಿ, ಕ್ವೇಕರರೊಡನೆ ವಾದಿಸಲಿಕ್ಕೆಂದೇ ದೋಣಿ ಹುಟ್ಟು ಹಾಕಿಕೊಂಡು ರೋಡ್ ಐಲೆಂಡಿನದೇ ಊರಾದ ನ್ಯೂಪೋರ್ಟ್‌ಗೆ ಹೋದರು. ಬಾಸ್ಟನ್ನಿನವರು ಅಷ್ಟರಲ್ಲಾಗಲೇ ನಾಲ್ವರು ಕ್ವೇಕರರನ್ನು ಗಲ್ಲಿಗೇರಿಸಿದ್ದರು. ಇಲ್ಲಿ ನಡೆದದ್ದು ಬರೀ ಮಾತಿನ ಜಗಳ.

ಮಾರನೇ ದಿನ ನಾವೂ ಬಸ್ಸು ಹಿಡಿದು ನ್ಯೂಪೋರ್ಟ್‌ಗೆ ಹೋದೆವು. ಕ್ವೇಕರರು 1699ರಲ್ಲಿ ಕಟ್ಟಿಕೊಂಡ ಸಭಾಮಂದಿರ ಅಲ್ಲಿ ಇನ್ನೂ ಗಟ್ಟಿಯಾಗಿ ನಿಂತಿದೆ.