ಕರಿಜಿನಿಯ ಕೆಂಪು ಕಮರಿಗಳು

ಮೂಡಿಗೆರೆಯವ್ರಿಗೆ ಹಳ್ಳ, ಫಾಲ್ಸು ಏನ್ ಹೊಸದಲ್ಲ, ಆದ್ರೂ ಪಶ್ಚಿಮ ಆಸ್ಟ್ರೇಲಿಯಾದ ಕರಿಜಿನಿ ನ್ಯಾಷನಲ್ ಪಾರ್ಕ್ ಬೇರೇನೇ ಮಾರಾಯ್ರೆ. ಪರ್ತ್‌ನಿಂದ ಸಾವಿರ ಕಿಲೋಮೀಟರ್‌ಗೂ ಜಾಸ್ತಿ, ಬರೀ ಕೆಂಪು ಮಣ್ಣು, ನೆಟ್‌ವರ್ಕ್ ಅಂತೂ ಕೇಳ್ಬೇಡಿ, ಹಂಗೇ ಹೋಗ್ತಾ ಹೋಗ್ತಾ ಸಪಾಟು ನೆಲ ದಿಢೀರ್ ಸೀಳ್ಕೊಂಡು ಕಾಲ್ಕೆಳಗೆ ಡೇಲ್ಸ್ ಗಾರ್ಜ್ ಅನ್ನೋ ಕಮರಿ! ಪದರ ಪದರ ಬಂಡೆ, ಸುಮಾರು 250 ಕೋಟಿ ವರ್ಷ ಹಳೇದು, ಸಮುದ್ರದ ತಳದಲ್ಲಿ ಕಬ್ಬಿಣ ಕೂತು ಆಗಿದ್ದು. ನಮ್ ಕುದುರೆಮುಖದಲ್ಲಿ 2005ರವರೆಗೂ ಅಗೆದ್ರಲ್ಲ, ಅದೂ ಇಂಥದ್ದೇ ಪಟ್ಟೆಪಟ್ಟೆ ಕಲ್ಲು.

ಕೆಳಗಿಳಿದ್ರೆ ಫೋರ್ಟೆಸ್ಕ್ಯೂ ಫಾಲ್ಸ್, ಮುಂದೆ ಫರ್ನ್ ಪೂಲ್. ಮೂಲನಿವಾಸಿಗಳಿಗೆ ಪವಿತ್ರ ಜಾಗ, ಕೂಗಾಡ್ದೆ ನಿಧಾನಕ್ಕೆ ನೀರಿಗಿಳೀರಿ ಅಂತಾರೆ. ನಮ್ಮೂರಿಗೂ ಈ ರೂಲ್ಸ್ ಬರ್ಬೇಕು, ಫಾಲ್ಸ್ ಹತ್ರ ಸ್ಪೀಕರ್ ಹಾಕೋರನ್ನ ನೋಡಿ ಸಾಕಾಗಿದೆ.

ಹೋಗೋದಾದ್ರೆ ಮೇಯಿಂದ ಸೆಪ್ಟೆಂಬರ್ ಒಳಗೆ ಹೋಗಿ, ಅಲ್ಲಿನ ಬೇಸಿಗೆ (ಡಿಸೆಂಬರ್‌ನಿಂದ ಫೆಬ್ರವರಿ) ಮಳೇಲಿ ಕಮರಿಗೆ ಒಮ್ಮೆಲೇ ನೆರೆ ನುಗ್ಗುತ್ತೆ. ಪೆಟ್ರೋಲು ಹತ್ರದ ಊರು ಟಾಮ್ ಪ್ರೈಸ್‌ನಲ್ಲೇ ತುಂಬಿಸ್ಕೊಳ್ಳಿ.