ಪಕ್ಕದ ತೋಟ ಕೊಂಡರೆ ಹೂಡಿಕೆ ಆಯ್ತಾ?

2024ರಲ್ಲಿ ರೊಬಸ್ಟಾ ಕಾಫಿ ರೇಟು ಆ ಪರಿ ಏರಿದ ಮೇಲೆ ಕೊಡಗಿನ ಗೋಣಿಕೊಪ್ಪದ ಕಡೆ ಯಾರು ಸಿಕ್ಕಿದರೂ ಒಂದೇ ಮಾತು, ದುಡ್ಡು ಎಲ್ಲಿ ಹಾಕೋದು? ಒಬ್ಬರು ಎಫ್‌ಡಿ ಅನ್ನುತ್ತಾರೆ, ಇನ್ನೊಬ್ಬರು ಷೇರು, ಮತ್ತೊಬ್ಬರು ಪಕ್ಕದ ತೋಟ. ಎಲ್ಲವನ್ನೂ ಹೂಡಿಕೆ ಅಂತಲೇ ಕರೆಯುತ್ತೇವೆ. ಅರ್ಥಶಾಸ್ತ್ರದವರು ಇದನ್ನು ಒಪ್ಪುವುದಿಲ್ಲ, ನನಗೂ ಅವರ ಲೆಕ್ಕವೇ ಸರಿ ಅನ್ನಿಸುತ್ತದೆ.

ಬಂದ ಆದಾಯದಲ್ಲಿ ಖರ್ಚಾಗದೆ ಉಳಿದದ್ದು ಉಳಿತಾಯ. ಬ್ಯಾಂಕಿನಲ್ಲಿರಲಿ, ಬೀರುವಿನಲ್ಲಿರಲಿ. ಹೂಡಿಕೆ ಅನ್ನಬೇಕಾದರೆ ಮುಂದಿನ ಉತ್ಪಾದನೆಗೆ ಬೇಕಾದದ್ದು ಏನಾದರೂ ಹೊಸದಾಗಿ ಹುಟ್ಟಬೇಕು. ಪಕ್ಕದವರ 10 ಎಕರೆ ನೀವು ಕೊಂಡರೆ ಆರ್‌ಟಿಸಿಯಲ್ಲಿ ಹೆಸರು ಬದಲಾಯ್ತು, ಅಷ್ಟೇ. ಕೊಡಗಿನಲ್ಲಿ ಒಂದು ಗಿಡವೂ ಜಾಸ್ತಿಯಾಗಲಿಲ್ಲ. ಅದೇ ತೋಟದಲ್ಲಿ ಮುದಿ ಗಿಡ ಕಿತ್ತು ಹೊಸ ರೊಬಸ್ಟಾ ನೆಟ್ಟು, ಫಸಲಿಗೆ 3-4 ವರ್ಷ ಕಾದು, ಗಿಡ ಹೂ ಬಿಡಲು ಬೇಕಾದ ಹೂಮಳೆ ಕೈಕೊಟ್ಟರೂ ಸ್ಪ್ರಿಂಕ್ಲರ್ ಓಡಿಸಲು ನೀರಿರಲಿ ಅಂತ ಕೆರೆ ತೋಡಿಸಿದರೆ ಅದು ಹೂಡಿಕೆ.

ಇದರಲ್ಲಿ ನನಗೆ ತುಂಬಾ ಹಿಡಿಸಿದ್ದು ಗೋದಾಮಿನ ಲೆಕ್ಕ. ಈ ಸಲ ಕೊಯ್ದು, ಕಣದಲ್ಲಿ ಒಣಗಿಸಿ, ರೇಟು ಇನ್ನೂ ಬರಲಿ ಅಂತ ಇಟ್ಟ 50 ಕೆಜಿ ಚೆರಿ (ಸಿಪ್ಪೆ ಸಮೇತ ಒಣಗಿಸಿದ ಕಾಫಿ) ಮೂಟೆ ಇದೆಯಲ್ಲ, ಅದು ಉಳಿತಾಯವೂ ಹೌದು, ಹೂಡಿಕೆಯೂ ಹೌದು. ಬೆಳೆದದ್ದು ಆದಾಯ, ಅದನ್ನು ಯಾರೂ ಬಳಸಿಲ್ಲ, ಹಾಗಾಗಿ ಉಳಿತಾಯ. ದಾಸ್ತಾನು ಹೆಚ್ಚಿತು, ಹಾಗಾಗಿ ಹೂಡಿಕೆ. ಹೋದ ವರ್ಷದ ಮೂಟೆ ಇನ್ನೂ ಅಲ್ಲೇ ಇದ್ದರೆ ಅದು ಈ ವರ್ಷದ ಲೆಕ್ಕಕ್ಕಿಲ್ಲ. ವ್ಯಾಪಾರಿಗೆ ಕೊಟ್ಟರೆ ನಿಮ್ಮ ದಾಸ್ತಾನು ಇಳಿದು ಅವರದು ಏರುತ್ತದೆ.

ಹೊರದೇಶದ ವ್ಯವಹಾರ ಬದಿಗಿಟ್ಟರೆ ಇಡೀ ದೇಶದ ಲೆಕ್ಕದಲ್ಲೂ ಉಳಿತಾಯ, ಹೂಡಿಕೆ ಎರಡೂ ಹೀಗೇ ಸಮ. ಆದರೆ ಉಳಿಸುವವರು ಒಬ್ಬರು, ಹೂಡುವವರು ಇನ್ನೊಬ್ಬರು ಅಲ್ವಾ? 1936ರಲ್ಲಿ ಅರ್ಥಶಾಸ್ತ್ರಜ್ಞ ಕೇನ್ಸ್ ಒತ್ತಿ ಹೇಳಿದ್ದು ಇದನ್ನೇ. ಎಲ್ಲರೂ ಒಟ್ಟಿಗೆ ಕೈ ಬಿಗಿ ಹಿಡಿದರೆ ಅಂಗಡಿಯಲ್ಲಿ ಮಾಲು ಹಾಗೇ ಉಳಿಯುತ್ತದೆ. ಲೆಕ್ಕಕ್ಕೆ ಅದೂ ಹೂಡಿಕೆಯೇ, ಆದರೆ ನಮ್ಮ ಮೂಟೆಯ ಹಾಗೆ ಬೇಕೆಂದು ಇಟ್ಟದ್ದಲ್ಲ. ಅಂಗಡಿಯವರು ಮುಂದಿನ ಸಲ ಕಡಿಮೆ ತರಿಸುತ್ತಾರೆ, ಮಾಲು ತಯಾರಿಸುವವರಿಗೆ ಕೆಲಸ ಹೋಗುತ್ತದೆ, ಆದಾಯ ಬಿದ್ದು ಕೊನೆಗೆ ಅಂದುಕೊಂಡಷ್ಟು ಉಳಿಸಲೂ ಆಗುವುದಿಲ್ಲ.

ಅದಕ್ಕೇ ಬರೀ ಎಫ್‌ಡಿ ಮಾಡಿ ಸುಮ್ನೆ ಕೂರುವುದು ಬೇಡ ಅನ್ನುತ್ತೇನೆ. ಬ್ಯಾಂಕಿನವರು ಆ ದುಡ್ಡನ್ನು ಸಾಲ ಕೊಟ್ಟು ಅದು ಎಲ್ಲೋ ಫ್ಯಾಕ್ಟರಿ ಆಗಬಹುದು, ಯಾರದೋ ಮದುವೆ ಖರ್ಚಿಗೂ ಹೋಗಬಹುದು. ಇಲ್ಲಿ ನೋಡಿದರೆ ಅಜ್ಜಂದಿರು ನೆಟ್ಟ ಗಿಡಗಳು ಇನ್ನೂ ನಿಂತಿವೆ. ಕೈಯಲ್ಲಿ ದುಡ್ಡಿರುವಾಗಲೇ ಒಂದಷ್ಟು ಜಾಗದಲ್ಲಾದರೂ ಅವನ್ನು ಬದಲಿಸಿ, ಜೂನ್ ಮಳೆ ಹಿಡಿಯುವ ಮೊದಲು ಗುಂಡಿ ತೆಗೆಸಿಬಿಡಿ.